ಓದುಗರ ಪ್ರಶ್ನೆ: ಗ್ಯಾಜೆಟ್ಟನ್ನು ನಕಲು ಮಾಡಿ ಅಂಟಿಸಿದರೆ ಸಾಲದೇ?

ಪ್ರಶ್ನೆ: ಇಂಗ್ಲಿಷ್ ವಿಕಿಪೀಡಿಯದ ಗ್ಯಾಜೆಟ್‌ಗಳ (ಪುಟಕ್ಕೆ ಹೊಸ ಗುಂಡಿ, ಸೌಲಭ್ಯ ಸೇರಿಸುವ ಸಣ್ಣ ಪ್ರೋಗ್ರಾಂಗಳ) ಕೋಡ್ ಎಲ್ಲರಿಗೂ ಕಾಣುವಂತೆಯೇ ಇದೆ. ಅದನ್ನು ಕನ್ನಡ ವಿಕಿಪೀಡಿಯಕ್ಕೆ ತಂದು ಅಂಟಿಸಿದರೆ ಆಯಿತಲ್ಲ, ಯಾರೂ ಏಕೆ ಮಾಡುವುದಿಲ್ಲ?

ಉತ್ತರ: ಮಾಡುವುದಿಲ್ಲ ಎಂದವರು ಯಾರು? ಸಣ್ಣ ವಿಕಿಗಳಲ್ಲೆಲ್ಲ ಮಾಡಿದ್ದಾರೆ, ನಾನೂ ಮಾಡಿದ್ದೇನೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಅಂಟಿಸಿದ ದಿನ ಗ್ಯಾಜೆಟ್ ಓಡುತ್ತದೆ. ಕನ್ನಡ ವಿಕಿಪೀಡಿಯದ ಚರ್ಚಾಪುಟವಾದ ಅರಳಿ ಕಟ್ಟೆಯಲ್ಲಿ ಸುದ್ದಿ ಹಾಕುತ್ತೇವೆ, ನಾಲ್ಕು ಜನ ಧನ್ಯವಾದ ಹೇಳುತ್ತಾರೆ. ಆಮೇಲೆ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಬದಲಾಗುತ್ತದೆ. ಹಳೆಯ ಸ್ಕ್ರಿಪ್ಟ್‌ಗಳು ಪುಟದ ಹೆಸರನ್ನು ‘ಡಬ್ಲ್ಯುಜಿಪೇಜ್‌ನೇಮ್’ ಎಂದು ನೇರವಾಗಿ ಕೇಳುತ್ತಿದ್ದವು. ಈಗ ಅದನ್ನು ‘ಎಂಡಬ್ಲ್ಯು.ಕಾನ್ಫಿಗ್’ ಎಂಬ ಹೊಸ ದಾರಿಯ ಮೂಲಕವೇ ಪಡೆಯಬೇಕು. ಮೂಲ ಬರೆದವರು ತಮ್ಮಲ್ಲಿ ತಿದ್ದಿಕೊಂಡರು. ನಮ್ಮ ನಕಲಿಗೆ ಆ ಸುದ್ದಿ ಯಾರು ಮುಟ್ಟಿಸಬೇಕು? ಗ್ಯಾಜೆಟ್ಟಿನ ಗುಂಡಿ ಸದ್ದಿಲ್ಲದೆ ಮಾಯವಾಗುತ್ತದೆ. ದೋಷದ ಸಂದೇಶ ಬ್ರೌಸರಿನ ಕನ್ಸೋಲಿನಲ್ಲಿ ಕೆಂಪಗೆ ಕುಳಿತಿರುತ್ತದೆ, ತೆರೆದು ನೋಡುವವರಿಲ್ಲ. ಅಂಟಿಸಿದವರು ವಿಕಿ ಬಿಟ್ಟು ವರ್ಷಗಳಾಗಿರುತ್ತವೆ. ಸಾಲದ್ದಕ್ಕೆ, 2018ರ ಆಗಸ್ಟ್‌ನಿಂದ ಗ್ಯಾಜೆಟ್ ಕೋಡಿನ ಪುಟಗಳನ್ನು ತಿದ್ದಲು ಸಾಮಾನ್ಯ ನಿರ್ವಾಹಕರಿಗೂ ಅಧಿಕಾರವಿಲ್ಲ, ಅದಕ್ಕೆಂದೇ ಅಧಿಕಾರ ಪಡೆದ ಇಂಟರ್ಫೇಸ್ ನಿರ್ವಾಹಕರೇ ಬೇಕು.

ಇನ್ನು ಭಾಷೆಯ ಮಾತು. ಬರೆದವರು ‘ಕ್ಯಾಟಗರಿ’ ಎಂಬ ಇಂಗ್ಲಿಷ್ ಪದವನ್ನೇ ಕೋಡಿನೊಳಗೆ ಹುಡುಕಲು ಹೇಳಿದ್ದಾರೆ ಎನ್ನಿ. ಲೇಖನವನ್ನು ವಿಷಯವಾರು ವಿಂಗಡಿಸಲು ನಮ್ಮ ಲೇಖನದ ಕೊನೆಯಲ್ಲಿರುವುದು ‘ವರ್ಗ:’. ಸ್ಕ್ರಿಪ್ಟ್ ಈ ಲೇಖನಕ್ಕೆ ವರ್ಗವೇ ಇಲ್ಲವೆಂದು ತೀರ್ಮಾನಿಸಿ, ಇರುವ ವರ್ಗವನ್ನೇ ಇನ್ನೊಮ್ಮೆ ಸೇರಿಸುತ್ತದೆ. ಅಂಥ ಲೇಖನಗಳನ್ನು ಒಂದೊಂದಾಗಿ ಕೈಯಾರೆ ಸರಿಪಡಿಸಿದವನಿಗೆ ‘ನಕಲು ಮಾಡಿದರೆ ಆಯಿತಲ್ಲ’ ಎಂದು ದಯವಿಟ್ಟು ಇನ್ನೊಮ್ಮೆ ಹೇಳಬೇಡಿ.

ಹಾಗಾದರೆ ದಾರಿ? ಲೇಖನಗಳಿಗೆ ವರ್ಗ ಸೇರಿಸಲು, ತೆಗೆಯಲು ಬಳಸುವ ಹಾಟ್‌ಕ್ಯಾಟ್ ಗ್ಯಾಜೆಟ್ ನೋಡಿ. ಕೋಡ್ ಇರುವುದು ಎಲ್ಲ ವಿಕಿಗಳೂ ಹಂಚಿಕೊಳ್ಳುವ ಚಿತ್ರ, ಕಡತಗಳ ತಾಣವಾದ ವಿಕಿಮೀಡಿಯ ಕಾಮನ್ಸಿನಲ್ಲಿ. ಬೇರೆ ವಿಕಿಗಳು ಒಂದೇ ಸಾಲಿನಲ್ಲಿ ಅದನ್ನು ಅಲ್ಲಿಂದಲೇ ಕರೆಸಿಕೊಂಡು, ಸಂಪಾದನೆಯ ಸಾರಾಂಶ, ‘ವರ್ಗವಿಲ್ಲ’ ಎನ್ನುವ ಟೆಂಪ್ಲೇಟಿನ ಹೆಸರು ಇಂಥವನ್ನು ಮಾತ್ರ ತಮ್ಮಲ್ಲಿ ಒಂದು ಪುಟ ಮಾಡಿ ಇಟ್ಟುಕೊಳ್ಳುತ್ತವೆ. ಮೂಲ ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಕೆಟ್ಟರೆ ಎಲ್ಲ ಕಡೆಯೂ ಒಟ್ಟಿಗೆ ಕೆಡುತ್ತದೆ, ಹೌದು. ಆದರೆ ಆಗ ಕೂಗುವವರೂ ಸಾವಿರ ಜನ. ಕರೆಸುವ ವಿಳಾಸದ ಕೊನೆಯಲ್ಲಿ ಇದು ಕೋಡ್ ಎಂದು ತಿಳಿಸುವ ‘ಸಿಟೈಪ್’ ಭಾಗವನ್ನು ಬಿಡಬೇಡಿ. ಬಿಟ್ಟರೆ ಸರ್ವರ್ ಅದನ್ನು ಬರೀ ವಿಕಿಪಠ್ಯವೆಂದು ಕಳುಹಿಸುತ್ತದೆ, ಬ್ರೌಸರ್ ಓಡಿಸಲು ಒಪ್ಪುವುದಿಲ್ಲ. ನನಗೆ ಬರುವ ‘ಕೆಲಸ ಮಾಡುತ್ತಿಲ್ಲ’ ಪತ್ರಗಳಲ್ಲಿ ಅರ್ಧ ಇದೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ: ಹೀಗೆ ಕರೆಸಿಕೊಳ್ಳುವುದು ಬೇರೆಯವರ ಸ್ವಂತ ಪುಟದಲ್ಲಿರುವ ಸ್ಕ್ರಿಪ್ಟ್ ಆದರೆ? ಅದು ಓಡುವುದು ನಿಮ್ಮ ಹೆಸರಿನಲ್ಲಿ, ನಿಮ್ಮ ಅಧಿಕಾರದಲ್ಲಿ. ಎಲ್ಲ ವಿಕಿಗಳ ಸಮನ್ವಯ ತಾಣವಾದ ಮೆಟಾವಿಕಿಯ ನಿಮ್ಮ ‘ಗ್ಲೋಬಲ್.ಜೆಎಸ್’ ಪುಟದಲ್ಲಿ ಹಾಕಿಕೊಂಡಿದ್ದರೆ ತುಳು, ಕೊಂಕಣಿ ವಿಕಿಪೀಡಿಯಗಳಲ್ಲೂ ಓಡುತ್ತದೆ. ಆ ಸ್ಕ್ರಿಪ್ಟಿನ ಒಡೆಯರ ಪಾಸ್‌ವರ್ಡ್ ಕಳುವಾದರೆ ನಿಮ್ಮ ಖಾತೆಯೂ ಕಳ್ಳರ ಕೈಗೆ ಹೋದಂತೆಯೇ. ಇಂತಿಂಥ ಆವೃತ್ತಿಯೇ ಬೇಕೆಂದು ಸಂಖ್ಯೆ ನಮೂದಿಸಿ ಕಟ್ಟಿಹಾಕಬಹುದು. ಆಗ ತಿದ್ದುಪಡಿಗಳೂ ಬರುವುದಿಲ್ಲ, ಮತ್ತೆ ನಕಲಿನ ಕಥೆಯೇ. ನಾನು ಕಟ್ಟಿಹಾಕಿಲ್ಲ. ನಾನು ಬಳಸುವ ಮೂರು ಸ್ಕ್ರಿಪ್ಟ್ ಪುಟಗಳನ್ನು ಆಯಾ ವಿಕಿಯ ವೀಕ್ಷಣಾಪಟ್ಟಿಗೆ ಸೇರಿಸಿ, ಬದಲಾದಾಗಲೆಲ್ಲ ವ್ಯತ್ಯಾಸ ತೆರೆದು ಓದುತ್ತೇನೆ.