ಬಿಡಿಸುವುದು, ಬಿಡಿಸಿಕೊಳ್ಳುವುದು

ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳನ್ನು ಪದವಿಯ ಮುಖ್ಯ ವಿಷಯವಾಗಿ ಓದಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಶಾಲೆಯಲ್ಲಿ ಲ್ಯಾಟಿನ್ ಕಲಿಯದವರಿಗೆ ಸೀಟು ಸಿಗುತ್ತದೆಯೇ? ಸಿಗುತ್ತದೆ. ಆಕ್ಸ್‌ಫರ್ಡ್‌ನ ನಾಲ್ಕು ವರ್ಷದ ಕೋರ್ಸಿನಲ್ಲಿ ಹೊಸದಾಗಿ ಭಾಷೆ ಕಲಿಯುವವರಿಗೂ ದಾರಿಯಿದೆ. ಕೇಂಬ್ರಿಜ್ ಇಂಥವರಿಗೆಂದೇ ಮೂರು ವರ್ಷದ ಪದವಿಗೆ ಇನ್ನೊಂದು ವರ್ಷ ಸೇರಿಸಿಕೊಟ್ಟಿದೆ.

ಸಾಕ್ರಟೀಸ್, ಸೀಸರ್ ಎಂದು ಕನಸು ಕಟ್ಟಿಕೊಂಡು ಬಂದವರಿಗೆ ಮೊದಲ ವರ್ಷ ಸಿಗುವುದು ವಿಭಕ್ತಿ, ಪ್ರತ್ಯಯ, ಧಾತುರೂಪಗಳು. ಇಲ್ಲಿಯೇ ಅನೇಕರು ಕುಗ್ಗುತ್ತಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2021ರಲ್ಲಿ ಈ ವಿಷಯದ ವಿದ್ಯಾರ್ಥಿಗಳಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವಲ್ಲ ಎಂದಿತು. ಹೆಚ್ಚು ಜನರಿಗೆ ಬಾಗಿಲು ತೆರೆಯಬೇಕೆಂಬ ಉದ್ದೇಶವನ್ನು ಗೌರವಿಸುತ್ತೇನೆ, ಆದರೆ ಆ ತೀರ್ಮಾನವನ್ನು ಒಪ್ಪಲಾರೆ. ಏಕೆಂದು ಒಂದು ಪದದಿಂದಲೇ ಹೇಳುತ್ತೇನೆ.

ಇಲಿಯಡ್ ಕಾವ್ಯದ ಆರಂಭದಲ್ಲಿ ಅಪೊಲೊ ದೇವರ ಮುದಿ ಪೂಜಾರಿ ಕ್ರೂಸೆಸ್, ಸೆರೆಯಲ್ಲಿರುವ ಮಗಳಿಗಾಗಿ ಅಪಾರ ಒತ್ತೆಹಣ ಹೊತ್ತು ಗ್ರೀಕರ ಹಡಗುಗಳ ಬಳಿ ಬರುತ್ತಾನೆ. 13ನೆಯ ಸಾಲಿನಲ್ಲಿ ಅವನು ಬಂದದ್ದು ‘ಲೂಸೊಮೆನೊಸ್’. 29ನೆಯ ಸಾಲಿನಲ್ಲಿ ಗ್ರೀಕರ ರಾಜ ಅಗಮೆಮ್ನಾನನ ಉತ್ತರ, ‘ಊ ಲೂಸೋ’. ಎರಡೂ ‘ಬಿಡು’ ಎಂಬರ್ಥದ ಒಂದೇ ಧಾತುವಿನ ರೂಪಗಳು; ‘ಊ’ ಎಂದರೆ ಇಲ್ಲ. ಮೊದಲನೆಯದು ತನಗಾಗಿ ಮಾಡಿಕೊಳ್ಳುವ ಕ್ರಿಯೆ, ಸಂಸ್ಕೃತದ ಆತ್ಮನೇಪದದಂತೆ. ಹಲವು ಇಂಗ್ಲಿಷ್ ಅನುವಾದಗಳಲ್ಲಿ ಇವೆರಡು ಬೇರೆಬೇರೆ ಕ್ರಿಯಾಪದಗಳಾಗಿ ದೂರ ಸರಿಯುತ್ತವೆ. ಮನೆಯಲ್ಲಿ ಕನ್ನಡ ಮಾತನಾಡುವ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿ ಥಟ್ಟನೆ ತಲೆಯೆತ್ತಿ ಹೇಳಿದಳು: “ಸರ್, ತಂದೆ ಬಂದದ್ದು ಬಿಡಿಸಿಕೊಳ್ಳಲು. ರಾಜ ಅನ್ನುವುದು ಬಿಡುವುದಿಲ್ಲ ಅಂತ.” ನಮ್ಮ ‘ಕೊಳ್ಳು’ ಹೊರುವ ಭಾರವನ್ನೇ ಗ್ರೀಕ್‌ನಲ್ಲಿ ‘-ಮೆನೊಸ್’ ಎಂಬ ಪ್ರತ್ಯಯ ಹೊರುತ್ತದೆ. ತಂದೆಯ ಇಡೀ ಸಂಕಟ ಆ ಪ್ರತ್ಯಯದಲ್ಲಿದೆ. ರಾಜನ ಮಾತಿನಲ್ಲಿ ಅದು ಇಲ್ಲ.

ಇತಿಹಾಸ, ತತ್ತ್ವಶಾಸ್ತ್ರ, ಶಾಸನ, ನಾಣ್ಯ, ಮಡಕೆಗಳ ಅಧ್ಯಯನವೆಲ್ಲ ಇದರ ಮೇಲೆ ಬೆಳೆಯುತ್ತದೆ. ಉದ್ಯೋಗದ ಬಗ್ಗೆ ಹೆತ್ತವರು ಕೇಳುತ್ತಾರೆ: ಇಲ್ಲಿ ಓದಿದವರು ಕಾನೂನು, ಪತ್ರಿಕೋದ್ಯಮ, ಸರ್ಕಾರಿ ಸೇವೆಗೆ ಹೋಗುತ್ತಾರೆ, ಕೆಲವರು ಬೋಧನೆಗೆ ಬರುತ್ತಾರೆ.

ಕನ್ನಡಿಗರು ಮರೆಯದೆ ಕೇಳುವ ಇನ್ನೊಂದು ವಿಷಯ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಲ್ಲಿ ಸಿಕ್ಕ ಪಪೈರಸ್ (ಜೊಂಡಿನ ಹಾಳೆ) 413. ಇಂಗ್ಲಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು 1903ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಪ್ರಹಸನದಲ್ಲೂ ಸೆರೆಸಿಕ್ಕ ಹೆಣ್ಣೊಬ್ಬಳಿದ್ದಾಳೆ: ಭಾರತದ ಕರಾವಳಿಯಲ್ಲಿರುವ ಖಾರಿಟಿಯಾನ್. ಅವಳನ್ನು ಬಿಡಿಸಿಕೊಂಡು ಹೋಗಲು ಸೋದರ ಬರುತ್ತಾನೆ, ಅಲ್ಲಿನ ರಾಜನಿಗೆ ಮದ್ಯ ಕುಡಿಸಲಾಗುತ್ತದೆ. ರಾಜನ ಕಡೆಯವರು ಆಡುವ, ಗ್ರೀಕ್ ಲಿಪಿಯಲ್ಲಿ ಬರೆದ ಪರಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಶ್ ವಾದಿಸಿದರು. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಮುಂದೆ ಚರ್ಚಿಸಿದರು. ನನ್ನ ದೃಷ್ಟಿಯಲ್ಲಿ ಅದು ಇನ್ನೂ ಸಾಬೀತಾಗಿಲ್ಲ. ಹಲ್ಮಿಡಿ ಶಾಸನವೇ 5ನೆಯ ಶತಮಾನದ್ದು. ಹೋಲಿಸಿ ನೋಡಲು 2ನೆಯ ಶತಮಾನದ ಕನ್ನಡ ವಾಕ್ಯ ನಮ್ಮ ಕೈಯಲ್ಲಿಲ್ಲ.

ಆದ್ದರಿಂದ ಹೆಮ್ಮೆಗಾಗಿ ಆ ಹಾಳೆಯ ಬಳಿ ಬರಬೇಡಿ. ಗ್ರೀಕ್ ಲಿಪಿಕಾರರು ಯಾವ ಧ್ವನಿಯನ್ನು ಹೇಗೆ ಬರೆಯುತ್ತಿದ್ದರು ಎಂಬುದನ್ನೂ ದ್ರಾವಿಡ ಭಾಷೆಗಳ ಹಳೆಯ ರೂಪಗಳನ್ನೂ ಬಲ್ಲ ಒಬ್ಬರು ಅದರ ಮುಂದೆ ಕೂರಬೇಕು. ಅಂಥ ವಿದ್ಯಾರ್ಥಿ ನನ್ನ ಮೊದಲ ವರ್ಷದ ವ್ಯಾಕರಣ ತರಗತಿಗೆ ಬರಲಿ ಎಂದು ಕಾಯುತ್ತಿದ್ದೇನೆ.