ಮುಂಬೈಯಿಂದ ಊರಿಗೆ ಬರಲು ಪಾಸ್ ಬೇಕೇ? ಬೇಕು, ಜೂನ್ ಬಂದರೂ ಬೇಕು

(ಇದು 2020ರ ಜೂನ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಸಡಿಲವಾಗುತ್ತಿದ್ದಾಗಿನ ಪ್ರಶ್ನೋತ್ತರ. ಇಲ್ಲಿನ ಪಾಸ್, ನೋಂದಣಿ, ಕ್ವಾರಂಟೈನ್ ನಿಯಮಗಳೆಲ್ಲ ಆ ಕಾಲದವು, ಈಗ ಜಾರಿಯಲ್ಲಿಲ್ಲ.)

ಪ್ರಶ್ನೆ: ನನ್ನ ತಮ್ಮ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಹೋಟೆಲು ಮುಚ್ಚಿ ಎರಡು ತಿಂಗಳ ಮೇಲಾಯಿತು. ಹೆಂಡತಿ, ಮಗುವನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಕುಂದಾಪುರಕ್ಕೆ ಬರಬೇಕೆಂದಿದ್ದಾನೆ. ಜೂನ್ 1ರಿಂದ ಇ-ಪರ್ಮಿಟ್ ಬೇಡವೆಂದು ಟಿವಿಯಲ್ಲಿ ಹೇಳಿದರು. ಹಾಗಾದರೆ ಸೀದಾ ಹೊರಡಬಹುದಲ್ಲವೇ?

ಉತ್ತರ: ಹೊರಡಬಾರದು. ಮಹಾರಾಷ್ಟ್ರ ಪೊಲೀಸರ ಪಾಸ್ ಮತ್ತು ಕರ್ನಾಟಕ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಮಾಡಿದ ನೋಂದಣಿ, ಎರಡೂ ಕೈಯಲ್ಲಿದ್ದ ಮೇಲೆಯೇ ಕಾರು ಹತ್ತಲು ಹೇಳಿ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಈ ಉತ್ತರ ಬರೆದು ಬರೆದು ನನ್ನ ಕೈ ಸವೆದಿದೆ. ಪ್ರತಿ ಸಲವೂ ಮಾರನೆಯ ದಿನವೇ ಇನ್ನೊಬ್ಬರು ಅದೇ ಟಿವಿ ಸುದ್ದಿಯ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ನೋಡಿ, ಕೇಂದ್ರವೇ ಬೇಡ ಎಂದಿದೆ, ನೀವೇಕೆ ಹೆದರಿಸುತ್ತೀರಿ’ ಎನ್ನುತ್ತಾರೆ. ಹಾಗಾಗಿ ಈ ಸಲ ಆ ತುಣುಕಿನ ಬುಡವನ್ನೇ ಕೆದಕೋಣ.

ಕೇಂದ್ರ ಗೃಹ ಸಚಿವಾಲಯದ ಆದೇಶ ಹೊರಬಿದ್ದದ್ದು 2020ರ ಮೇ 30ರಂದು. ರಾಜ್ಯದೊಳಗೆ ಮತ್ತು ರಾಜ್ಯಗಳ ನಡುವೆ ಜನ ಹಾಗೂ ಸರಕಿನ ಓಡಾಟಕ್ಕೆ ನಿರ್ಬಂಧವಿಲ್ಲ, ಪ್ರತ್ಯೇಕ ಅನುಮತಿಯಾಗಲಿ ಇ-ಪರ್ಮಿಟ್ ಆಗಲಿ ಬೇಕಿಲ್ಲ ಎಂದು ಅದರಲ್ಲಿ ಬರೆದಿರುವುದು ನಿಜ. ಟಿವಿಯವರು ಓದಿದ್ದು ಅಲ್ಲಿಯವರೆಗೆ. ಅದರ ಬೆನ್ನಿಗೇ ಇನ್ನೊಂದು ವಾಕ್ಯವಿದೆ: ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ, ತನ್ನಲ್ಲಿನ ಪರಿಸ್ಥಿತಿಯನ್ನು ಅಳೆದು, ಯಾವುದಾದರೂ ರಾಜ್ಯ ಜನರ ಓಡಾಟವನ್ನು ನಿಯಂತ್ರಿಸಲು ಬಯಸಿದರೆ ಆ ನಿರ್ಬಂಧಗಳಿಗೂ ವಿಧಾನಕ್ಕೂ ಮುಂಚಿತವಾಗಿ ವ್ಯಾಪಕ ಪ್ರಚಾರ ಕೊಡಬೇಕು. ಅಂದರೆ ಗೇಟಿನ ಕೀಲಿಯನ್ನು ಕೇಂದ್ರ ರಾಜ್ಯಗಳ ಕೈಗೇ ಕೊಟ್ಟಿದೆ. ಬೀಗ ಹಾಕುವವರು ಮೊದಲೇ ಹೇಳಿ ಹಾಕಿ ಎಂಬುದಷ್ಟೇ ಅದರ ಷರತ್ತು.

ರಾಜ್ಯಗಳು ಸುಮ್ಮನೆ ಕೂತವೇ? ಮರುದಿನವೇ, ಮೇ 31ರಂದು, ಮಹಾರಾಷ್ಟ್ರ ತನ್ನ ಆದೇಶದಲ್ಲಿ ಅಂತರರಾಜ್ಯ ಮತ್ತು ಅಂತರಜಿಲ್ಲಾ ಓಡಾಟದ ಮೇಲಿನ ನಿಯಂತ್ರಣ ಮುಂದುವರಿಯುತ್ತದೆ ಎಂದಿತು. ಕರ್ನಾಟಕ ಹೊರಗಿನಿಂದ ಬರುವ ಎಲ್ಲರಿಗೂ ಸೇವಾ ಸಿಂಧು ನೋಂದಣಿಯನ್ನು ಕಡ್ಡಾಯವಾಗಿ ಉಳಿಸಿಕೊಂಡಿತು. ತಮಿಳುನಾಡಿಗೆ ಹೊರಗಿನಿಂದ ಹೋಗುವವರಿಗೆ ಇ-ಪಾಸ್ ಬೇಕೇ ಬೇಕು, ಅಲ್ಲಿ ಒಂದು ವಲಯದಿಂದ ಇನ್ನೊಂದಕ್ಕೆ ಹೋಗುವವರಿಗೂ ಬೇಕು. ಕೇರಳಕ್ಕೆ ಹೋಗುವವರು ಜಾಗ್ರತಾ ಪೋರ್ಟಲ್‌ನಲ್ಲಿ ಹೆಸರು ಬರೆಸಬೇಕು. ಇಷ್ಟೆಲ್ಲ ಆದೇಶಗಳಿರುವಾಗ ಒಂದೇ ಒಂದು ಅರ್ಧ ವಾಕ್ಯವನ್ನು ಹಿಡಿದುಕೊಂಡು ಜನ ಕಾರು ಹತ್ತುತ್ತಿದ್ದಾರೆ.

ಈ ತಪ್ಪು ಕಲ್ಪನೆಗೆ ಇನ್ನೂ ಆಳವಾದ ಬೇರು ಒಂದಿದೆ. ಪಾಸ್ ಎಂದರೆ ಹೊರಡುವ ಊರಿನವರು ಕೊಡುವ ಅಪ್ಪಣೆ, ಅವರು ಬಿಟ್ಟರೆ ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹೆಣ್ಣಿನ ಕಡೆಯವರು ಒಪ್ಪಿದ ಮಾತ್ರಕ್ಕೆ ಮದುವೆ ನಿಶ್ಚಯವಾಗುತ್ತದೆಯೇ? ಕಳಿಸುವ ರಾಜ್ಯಕ್ಕಿಂತ ಹೆಚ್ಚಿನ ಚಿಂತೆ ಬರಮಾಡಿಕೊಳ್ಳುವ ರಾಜ್ಯದ್ದು. ಬಂದವರು ಯಾರು, ಯಾವ ಊರಿಗೆ, ಯಾವ ಮನೆಗೆ, ಎಷ್ಟು ದಿನ ನಿಗಾದಲ್ಲಿರಬೇಕು ಎಂಬ ಲೆಕ್ಕ ಅವರಿಗೆ ಬೇಕು. ಏಪ್ರಿಲ್ 29ರಂದು ಸಿಕ್ಕಿಹಾಕಿಕೊಂಡವರನ್ನು ಊರಿಗೆ ಕಳಿಸಲು ಮೊದಲ ಬಾರಿಗೆ ದಾರಿ ತೆರೆದಾಗಲೂ ಕೇಂದ್ರ ಹೇಳಿದ್ದು ಇದನ್ನೇ: ಕಳಿಸುವ ರಾಜ್ಯವೂ ಬರಮಾಡಿಕೊಳ್ಳುವ ರಾಜ್ಯವೂ ಮಾತಾಡಿಕೊಂಡು ಒಪ್ಪಬೇಕು. ಮೇ 18ರಂದು ನಮ್ಮ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದು ಘೋಷಿಸಿದ್ದನ್ನು ಇಷ್ಟು ಬೇಗ ಮರೆತಿರಾ?

ಒಂದು ರಿಯಾಯಿತಿ ಆಗಿದೆ, ಅದನ್ನೂ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಅಧಿಕಾರಿಗಳ ಒಪ್ಪಿಗೆಗೆ ಕಾಯಬೇಕಿತ್ತು. ಈಗ ನೋಂದಣಿ ಮಾಡಿದರೆ ಸಾಕು, ಒಪ್ಪಿಗೆಗೆ ಕಾಯಬೇಕಿಲ್ಲ. ಆದರೆ ಆ ನೋಂದಣಿಯನ್ನು ಬೇಕಾಬಿಟ್ಟಿ ತುಂಬಬೇಡಿ. ವಿಳಾಸದ ಜಾಗದಲ್ಲಿ ‘ಕುಂದಾಪುರ’ ಎಂದಷ್ಟೇ ಬರೆದ ಅರ್ಜಿಗಳನ್ನು ನೋಡಿದ್ದೇನೆ. ಕುಂದಾಪುರದಲ್ಲಿ ಎಲ್ಲಿ, ಸ್ವಾಮಿ? ಗ್ರಾಮ, ಮನೆಯ ಹೆಸರು, ಅಂಚೆ, ಪಿನ್‌ಕೋಡ್ ಬರೆಯಿರಿ. ಒಂದೇ ಮೊಬೈಲ್ ಸಂಖ್ಯೆಯಲ್ಲಿ ಒಂದು ಕುಟುಂಬದವರು ಮಾತ್ರ ನೋಂದಾಯಿಸಬಹುದು. ಪಕ್ಕದ ಕೋಣೆಯ ಗೆಳೆಯರನ್ನೂ ಅದೇ ಸಂಖ್ಯೆಯಲ್ಲಿ ಸೇರಿಸಲು ಹೋಗಬೇಡಿ.

ಮಹಾರಾಷ್ಟ್ರದ ಕಡೆಯ ಪಾಸ್‌ಗೆ ಪೊಲೀಸರ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಜ್ವರ, ಕೆಮ್ಮಿನ ಲಕ್ಷಣಗಳಿಲ್ಲ ಎಂಬ ವೈದ್ಯರ ಪ್ರಮಾಣಪತ್ರ ಸಿದ್ಧವಿರಲಿ. ಅರ್ಜಿ ಸಲ್ಲಿಸಿದೊಡನೆ ಒಂದು ಟೋಕನ್ ಸಂಖ್ಯೆ ಬರುತ್ತದೆ. ಅದನ್ನೇ ಪಾಸ್ ಎಂದುಕೊಂಡು ಹೊರಡುವವರೂ ಇದ್ದಾರೆ. ಆ ಸಂಖ್ಯೆ ಕೊಟ್ಟು ಮತ್ತೆ ಹುಡುಕಿದಾಗ, ಮಂಜೂರಾಗಿದ್ದರೆ, ವಾಹನದ ಸಂಖ್ಯೆ, ಅವಧಿ, ಕ್ಯೂಆರ್ ಕೋಡ್ ಇರುವ ಪಾಸ್ ಸಿಗುತ್ತದೆ. ಅದನ್ನು ಇಳಿಸಿಕೊಳ್ಳಿ, ಸಾಧ್ಯವಾದರೆ ಮುದ್ರಿಸಿಕೊಳ್ಳಿ. ಬಾಡಿಗೆ ಕಾರು ಎಂದಿದ್ದೀರಿ. ಚಾಲಕನ ಹೆಸರೂ ಪಾಸಿನಲ್ಲಿರಲಿ, ಖಾಲಿ ಕಾರು ವಾಪಸ್ ಹೋಗುವುದಕ್ಕೂ ಅನುಮತಿ ಕೇಳಿರಿ. ನಿಮ್ಮನ್ನು ಮನೆ ಮುಟ್ಟಿಸಿದವನು ನಿಪ್ಪಾಣಿಯ ಕೊಗನೊಳ್ಳಿ ಗಡಿ ಚೆಕ್‌ಪೋಸ್ಟ್‌ನಲ್ಲಿ ರಾತ್ರಿ ಕಳೆಯುವುದು ಯಾವ ನ್ಯಾಯ?

ಬಂದ ಮೇಲೆ, ಮಹಾರಾಷ್ಟ್ರದವರಿಗೆ ಏಳು ದಿನ ಸಾಂಸ್ಥಿಕ ಕ್ವಾರಂಟೈನ್ (ಸರ್ಕಾರ ಗೊತ್ತುಮಾಡಿದ ಜಾಗದಲ್ಲಿ), ಬಳಿಕ ಏಳು ದಿನ ಮನೆಯಲ್ಲಿ. ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳು, ವೃದ್ಧರು ಮೊದಲಾದವರಿಗೆ ಸಾಂಸ್ಥಿಕ ಕ್ವಾರಂಟೈನ್‌ನಿಂದ ವಿನಾಯಿತಿ ಇದೆ. ನಿಮ್ಮ ತಮ್ಮನ ಮಗುವಿನ ವಯಸ್ಸನ್ನು ನೀವು ಬರೆದಿಲ್ಲ. ಇನ್ನು ಕರ್ನಾಟಕದೊಳಗೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ಪಾಸ್ ಬೇಡ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗಲು ಏನು ಬೇಕು ಎಂದು ಕೇಳುವವರಿಗೆ ಬಸ್ ಟಿಕೆಟ್ ಬೇಕು ಎಂದಷ್ಟೇ ಹೇಳುತ್ತೇನೆ.

ಸಂವಿಧಾನ ಓದಿದವರು ಇಲ್ಲಿ ತಡೆಯುತ್ತಾರೆ ಎಂದು ಬಲ್ಲೆ. ಅಂತರರಾಜ್ಯ ವಲಸೆ, ಅಂತರರಾಜ್ಯ ಕ್ವಾರಂಟೈನ್ ಕೇಂದ್ರಕ್ಕೆ ಮೀಸಲಾದ ವಿಷಯಗಳ ಕೇಂದ್ರ ಪಟ್ಟಿಯ 81ನೇ ನಮೂದು, ರಾಜ್ಯಕ್ಕೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ, ಕೇಳಿದವರಿಗೆ ಪೂರ್ಣ ಅಂಕ. ಆದರೆ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ. ಸೋಂಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಯ 29ನೇ ನಮೂದು. ಸಾಲದ್ದಕ್ಕೆ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಹೊರಡಿಸಿದ ಕೇಂದ್ರವೇ ಈ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿದೆ.

ಹಾಗೆ ನೋಡಿದರೆ ಈ ಪಾಸಿನ ಗೋಳು ನಮ್ಮ ಕಾಲದ್ದೇ ಅಲ್ಲ. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ರೈಲಿನಲ್ಲಾಗಲಿ ಬೇರೆ ದಾರಿಯಲ್ಲಾಗಲಿ ಪ್ರಯಾಣಿಸುವವರನ್ನು ತಪಾಸಣೆ ಮಾಡುವ, ಸಂಶಯವಿದ್ದವರನ್ನು ಬೇರ್ಪಡಿಸಿ ಇಡುವ ಅಧಿಕಾರ ಅದರ ಎರಡನೇ ಸೆಕ್ಷನ್ನಿನಲ್ಲಿದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ತನ್ನ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಅದೇ ಕಾಯ್ದೆಯ ಬಲದಿಂದ. ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನೂ ಮುಟ್ಟಿತು. ಆಗ ಉಡುಪಿ, ಕುಂದಾಪುರಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆ ಪ್ರಾಂತ್ಯದಲ್ಲಿ ಸೋಂಕಿನ ಊರುಗಳಿಂದ ಬಂದವರ ಕೈಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಡುತ್ತಿದ್ದರು. ತಲುಪಿದ ಊರಿನಲ್ಲಿ ಅಧಿಕಾರಿಯ ಮುಂದೆ ದಿನವೂ ಹಾಜರಾಗಿ, ಮೈಯಲ್ಲಿ ಜ್ವರವಿಲ್ಲವೆಂದು ತೋರಿಸಿಕೊಳ್ಳಬೇಕಿತ್ತು. ಆಗಲೂ ಚೀಟಿಯ ಉದ್ದೇಶ ಹೋದಲ್ಲಿ ಕಣ್ಣಿಡುವುದೇ. ಇಂದು ಕ್ವಾರಂಟೈನ್‌ನಲ್ಲಿರುವವರು ಮೊಬೈಲ್‌ನಲ್ಲಿ ತಮ್ಮ ಫೋಟೋ ತೆಗೆದು ಕಳಿಸುತ್ತಾರೆ, ಅಂದು ನಡೆದೇ ಹೋಗಬೇಕಿತ್ತು.

ಕೊನೆಗೆ ಹಣದ ಮಾತು. ಎರಡೂ ಕಡೆ ಅರ್ಜಿಗೆ ಶುಲ್ಕವಿಲ್ಲ. ಪಾಸ್ ಮಾಡಿಸಿಕೊಡುತ್ತೇನೆಂದು ತಲೆಗಿಷ್ಟು ಎಂದು ಕೇಳುವವರು ನಿಮ್ಮ ತಮ್ಮನಿಗೂ ಸಿಕ್ಕಿರಬಹುದು. ಅವರು ಕೊಡುವ ಕಾಗದದ ಕ್ಯೂಆರ್ ಕೋಡ್ ಚೆಕ್‌ಪೋಸ್ಟ್‌ನಲ್ಲಿ ತೆರೆದುಕೊಳ್ಳದಿದ್ದರೆ ಕಾರಿನಲ್ಲಿ ಕೂತಿರುವವನು ನಿಮ್ಮ ತಮ್ಮ, ಕಾಗದ ಮಾರಿದವನಲ್ಲ. ಅರ್ಜಿಯನ್ನು ನಿಮ್ಮ ತಮ್ಮನೇ ತುಂಬಲಿ, ಇಲ್ಲವೇ ಊರಿನಲ್ಲಿ ಕೂತು ನೀವು ತುಂಬಿಕೊಡಿ. ಒಟಿಪಿ ಮಾತ್ರ ಅವನ ಫೋನಿಗೆ ಬರುತ್ತದೆ, ಆ ಹೊತ್ತಿಗೆ ಫೋನ್ ಎತ್ತಲು ಹೇಳಿ.