ವಿಕಿರಣಶೀಲ ದ್ರಾವಣ: ವಿಲೇವಾರಿಗೆ ಮುಂಚೆ ಏನೇನು ಅಳೆಯಬೇಕು?

ತ್ಯಾಜ್ಯದ ಟ್ಯಾಂಕಿನಲ್ಲಿ ಎಷ್ಟು ಬೆಕೆರೆಲ್ (ವಿಕಿರಣಶೀಲತೆಯ ಅಳತೆಮಾನ) ಇದೆ ಅಂತ ಗೊತ್ತಾದರೆ ಸಾಕಲ್ವಾ? ಸಾಲದು. ಅದು ಎಂಥ ದ್ರವದಲ್ಲಿ ಕರಗಿದೆ ಅನ್ನೋದೂ ಬೇಕು. 1957ರಲ್ಲಿ ಸೋವಿಯತ್ ಒಕ್ಕೂಟದ ಮಾಯಾಕ್ ಪರಮಾಣು ಸ್ಥಾವರದಲ್ಲಿ ತ್ಯಾಜ್ಯದ ಟ್ಯಾಂಕ್ ಸಿಡಿದದ್ದು ಪರಮಾಣು ಸ್ಫೋಟದಿಂದಲ್ಲ. ತಂಪು ಮಾಡುವ ವ್ಯವಸ್ಥೆ ಕೆಟ್ಟಿತು, ನೀರು ಆವಿಯಾಯಿತು, ಉಳಿದ ನೈಟ್ರೇಟ್ ಮತ್ತು ಅಸಿಟೇಟ್ ಉಪ್ಪು ಕಾದು ಸಿಡಿಯಿತು. ಅಪ್ಪಟ ಕೆಮಿಸ್ಟ್ರಿ!

ಮೊದಲು ಸ್ಯಾಂಪಲ್. ನನ್ನ ಪ್ರಕಾರ ಜಾಸ್ತಿ ತಪ್ಪಾಗುವುದು ಇಲ್ಲೇ. ವರ್ಷಗಟ್ಟಲೆ ನಿಂತ ಕ್ಷಾರೀಯ ದ್ರಾವಣದಲ್ಲಿ ಮೇಲೆ ತಿಳಿ, ಕೆಳಗೆ ಗಸಿ. ಸೀಸಿಯಂ ಹೆಚ್ಚಾಗಿ ತಿಳಿಯಲ್ಲಿರುತ್ತದೆ. ಸ್ಟ್ರಾನ್ಷಿಯಂ, ಪ್ಲುಟೋನಿಯಂ ಬಹುಪಾಲು ಗಸಿಗೆ ಇಳಿದಿರುತ್ತವೆ. ಸುಮ್ನೆ ಮೇಲಿನದನ್ನು ಎತ್ತಿದರೆ ಪ್ಲುಟೋನಿಯಂ ಇಲ್ಲವೇ ಇಲ್ಲ ಅನ್ನಿಸಿಬಿಡುತ್ತದೆ. ಚೆನ್ನಾಗಿ ಕಲಕಿ ತೆಗೆಯಬೇಕು, ಇಲ್ಲವೇ ಬೇರೆ ಬೇರೆ ಆಳದಿಂದ ತೆಗೆಯಬೇಕು. ತೆಳು ಸ್ಯಾಂಪಲ್‌ಗೆ ಸ್ವಲ್ಪ ನೈಟ್ರಿಕ್ ಆಸಿಡ್ ಹಾಕುವುದು ಲೋಹಗಳು ಬಾಟಲಿಯ ಗೋಡೆಗೆ ಅಂಟದಿರಲಿ ಅಂತ. ಅಯೋಡಿನ್ ನೋಡುವ ಬಾಟಲಿಗೆ ಮಾತ್ರ ಹಾಕಬೇಡಿ, ಆಸಿಡ್ ಬಿದ್ದರೆ ಅದು ಆವಿಯಾಗಿ ಹೋಗಬಹುದು.

ಸೀಸಿಯಂ-137 ಸುಲಭ. ಗಾಮಾ ಸ್ಪೆಕ್ಟ್ರಮ್‌ನಲ್ಲಿ (ಯಾವ ಶಕ್ತಿಯ ಗಾಮಾ ಕಿರಣ ಎಷ್ಟಿದೆ ಅಂತ ತೋರಿಸುವ ನಕ್ಷೆ) 662 ಕೆಇವಿ ಹತ್ತಿರ ಎದ್ದು ಕಾಣುತ್ತದೆ; ಕೆಇವಿ ಅಂದರೆ ಕಿರಣದ ಶಕ್ತಿಯ ಅಳತೆ. (ನಿಜಕ್ಕೂ ಆ ಗಾಮಾ ಬರುವುದು ಸೀಸಿಯಂ ಕ್ಷಯಿಸಿದಾಗ ಹುಟ್ಟುವ ಮರಿ ಬೇರಿಯಂನಿಂದ.)

ಸ್ಟ್ರಾನ್ಷಿಯಂ-90 ಹಾಗಲ್ಲ. ಅದು ಬರೀ ಬೀಟಾ ಕಣ (ವೇಗದ ಎಲೆಕ್ಟ್ರಾನ್) ಬಿಡುತ್ತದೆ. ಬೀಟಾ ಸ್ಪೆಕ್ಟ್ರಮ್ ಹರಡಿಕೊಂಡಿರುವುದರಿಂದ ಬೇರೆಯವುಗಳ ಜೊತೆ ಬೆರೆತುಹೋಗುತ್ತದೆ. ಹಾಗಾಗಿ ರಾಸಾಯನಿಕವಾಗಿ ಬೇರ್ಪಡಿಸಲೇಬೇಕು. ಬೇರ್ಪಡಿಸುವಾಗ ಒಂದಿಷ್ಟು ಕಳೆದುಹೋಗುತ್ತದಲ್ಲ, ಎಷ್ಟು ಕಳೆಯಿತು ಅಂತ ತಿಳಿಯಲು ಮೊದಲೇ ವಿಕಿರಣವಿಲ್ಲದ ಮಾಮೂಲಿ ಸ್ಟ್ರಾನ್ಷಿಯಂ ಸೇರಿಸುತ್ತಾರೆ. 20 ಮಿಲಿಗ್ರಾಂ ಹಾಕಿ ಕೊನೆಗೆ 16 ಸಿಕ್ಕಿತು ಅನ್ನಿ, ಅಂದರೆ ಶೇ. 80 ಕೈಗೆ ಬಂತು. ಎಣಿಕೆಯಲ್ಲಿ 400 ಬೆಕೆರೆಲ್ ಬಂದಿದ್ದರೆ ಅಸಲಿ ಲೆಕ್ಕ 500. ಇದರ ಮರಿ ಯಿಟ್ರಿಯಂ-90ರ ಅರ್ಧಾಯುಷ್ಯ 64 ಗಂಟೆ. ಅದು ಪೂರ್ತಿ ಬೆಳೆದು ಸಮಸ್ಥಿತಿಗೆ (ಹುಟ್ಟುವಷ್ಟೇ ಕ್ಷಯಿಸುವ ಹಂತಕ್ಕೆ) ಬರಲಿ ಅಂತ ಸುಮಾರು ಎರಡು ವಾರ ಬಿಟ್ಟು ಎಣಿಸುವುದೂ ಉಂಟು.

ಇನ್ನು ಆಮ್ಲತೆ, ನೈಟ್ರೇಟ್, ಕ್ಲೋರೈಡ್, ಸಾವಯವ ವಸ್ತು ಎಲ್ಲ ಮಾಮೂಲಿ ಪರೀಕ್ಷೆಗಳೇ. ಕ್ಲೋರೈಡ್ ಜಾಸ್ತಿಯಿದ್ದರೆ ಸ್ಟೀಲ್ ಟ್ಯಾಂಕನ್ನೇ ತಿನ್ನುತ್ತದೆ. ತ್ಯಾಜ್ಯವನ್ನು ಗಾಜಿನೊಳಗೆ ಕರಗಿಸಿ ಇಡುವುದಾದರೆ ಸಲ್ಫೇಟ್ ಮೇಲೆ ಕಣ್ಣಿಡಿ. ಬೊರೊಸಿಲಿಕೇಟ್ ಗಾಜು ಅದನ್ನು ಸ್ವಲ್ಪವೇ ಹಿಡಿದುಕೊಳ್ಳುತ್ತದೆ. ಮಿಕ್ಕದ್ದು ಕರಗಿದ ಗಾಜಿನ ಮೇಲೆ ಹಳದಿ ಪದರವಾಗಿ ತೇಲುತ್ತದೆ, ಜೊತೆಗೆ ಸೀಸಿಯಂ ಅನ್ನೂ ಎಳೆದುಕೊಳ್ಳುತ್ತದೆ. ಆ ಪದರ ನೀರಿನಲ್ಲಿ ಕರಗುವಂಥದ್ದು!